ಓಪಲ್ ಟಿಡ್ವೆಲ್ ಕೊಟ್ಟ ಹೇಳಿಕೆ

ರಾಜೇಶ್ವರಿಗೆ ಕಾರು ಓಡಿಸುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. 2004ರ ಬೇಸಿಗೆಯ ಹೊತ್ತಿಗೆ ಅವಳು ಅಮೆರಿಕದ ರೆಂಟನ್‌ನ ಲೈಸೆನ್ಸ್ ಆಫೀಸಿನಲ್ಲಿ ಎರಡು ಸಲ ಟೆಸ್ಟ್ ಕೊಟ್ಟು ಎರಡು ಸಲವೂ ಫೇಲಾಗಿದ್ದಳು. ಮೊದಲ ಸಲ ಪಾರ್ಕಿಂಗ್ ಜಾಗದಿಂದ ಹೊರಗೇ ಬರಲಿಲ್ಲ. ಎರಡನೆಯ ಸಲ ಎಡಕ್ಕೆ ತಿರುಗಬೇಕಾದ ಸಿಗ್ನಲ್ ಹಸಿರಾಗಿ, ಹಳದಿಯಾಗಿ, ಕೆಂಪಾಗಿ, ಮತ್ತೆ ಹಸಿರಾದರೂ ಅವಳ ಕಾಲು ಬ್ರೇಕಿನ ಮೇಲಿಂದ ಏಳಲೇ ಇಲ್ಲ. ಹಿಂದಿನ ಕಾರುಗಳು ಹಾರ್ನ್ ಹೊಡೆದಷ್ಟೂ ಕಾಲು ಇನ್ನಷ್ಟು ಬಿಗಿಯಾಯಿತು.

ಗಂಡ ವಿಜಯೇಂದ್ರ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್. ಅವನ ವೀಸಾದ ನೆರಳಿನಲ್ಲಿ ಬಂದ ಅವಳು ಸಂಬಳಕ್ಕೆ ದುಡಿಯುವಂತಿರಲಿಲ್ಲ. ಮದುವೆಗೆ ಮೊದಲು ಆರು ವರ್ಷ ಹುನಗುಂದದ ಕೋರ್ಟಿನಲ್ಲಿ ಸ್ಟೆನೋ ಆಗಿದ್ದಳು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಶೀಘ್ರಲಿಪಿಯ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ಸಾಕ್ಷಿ ಕಟಕಟೆ ಹತ್ತಿ ಬಾಯಿ ತೆರೆದನೆಂದರೆ ಅವನ ಮಾತು ಮುಗಿಯುವುದರೊಳಗೆ ಇವಳ ಪೆನ್ಸಿಲು ನಿಂತಿರುತ್ತಿತ್ತು. ಇಲ್ಲಿ ಆ ಬೆರಳುಗಳಿಗೆ ಕೆಲಸವೇ ಇರಲಿಲ್ಲ. ಹೀಗಾಗಿ ಊರಿನ ಮ್ಯೂಸಿಯಂನವರು ಹಳಬರ ನೆನಪುಗಳನ್ನು ಬರೆದುಕೊಳ್ಳುವ ಸ್ವಯಂಸೇವಕರು ಬೇಕೆಂದು ಲೈಬ್ರರಿಯಲ್ಲಿ ಹಚ್ಚಿದ ಚೀಟಿ ನೋಡಿ ಹೆಸರು ಕೊಟ್ಟಳು. ಅವಳ ಪಾಲಿಗೆ ಬಂದವರು ಮಿಸೆಸ್ ಓಪಲ್ ಟಿಡ್ವೆಲ್. ಹೈಲ್ಯಾಂಡ್ಸ್ ಬಡಾವಣೆಯಲ್ಲಿ ಇವಳ ಅಪಾರ್ಟ್‌ಮೆಂಟಿನಿಂದ ಎರಡೇ ಬೀದಿ ಆಚೆ, ಯುದ್ಧಕಾಲದಲ್ಲಿ ಕಾರ್ಖಾನೆಯ ಕೆಲಸಗಾರರಿಗೆಂದು ಕಟ್ಟಿದ ಪುಟ್ಟ ಮನೆಯೊಂದರಲ್ಲಿ ಒಬ್ಬರೇ ಇದ್ದರು. ಎಪ್ಪತ್ತಾರು ವಯಸ್ಸು. ಒಣಗಿದ ಕಡ್ಡಿಯಂಥ ಮೈ, ಗಂಟು ಬಿದ್ದ ಬೆರಳುಗಳು. ದಕ್ಷಿಣದ ಜಾರ್ಜಿಯಾ ರಾಜ್ಯದ ಎಳೆದಾಡುವ ಇಂಗ್ಲಿಷು. ಮೊದಲ ದಿನ ರಾಜೇಶ್ವರಿಗೆ ಅರ್ಧ ತಿಳಿಯಲಿಲ್ಲ. ತಿಳಿಯದ್ದನ್ನು ಕೇಳಿದ ಹಾಗೇ ಗೆರೆಗಳಲ್ಲಿ ಹಿಡಿದು ಮನೆಗೆ ಬಂದು ಬಾಯಿ ಬಿಟ್ಟು ಓದಿಕೊಂಡಾಗ ತಿಳಿಯಿತು.

ಅವರು ಕಾರ್ ರೇಸಿನವರು. ಅದೂ 1949ರಲ್ಲಿ.

ಗ್ಯಾರೇಜಿನಲ್ಲಿ ಕಪ್ಪು ಬಣ್ಣದ ಫೋರ್ಡ್ ನಿಂತಿತ್ತು, 1940ರ ಮಾಡೆಲ್, ಎರಡೇ ಬಾಗಿಲು. ಅದರ ಹಿಂಭಾಗ ಮುಂಭಾಗಕ್ಕಿಂತ ಒಂದು ಗೇಣು ಎತ್ತರವಾಗಿ ನಿಂತಿದ್ದನ್ನು ಕಂಡು ರಾಜೇಶ್ವರಿ ಯಾಕೆಂದು ಕೇಳಿದಳು.

"ಅದರೊಳಗೆ ಈಗ ಸರಕಿಲ್ಲವಲ್ಲ, ಅದಕ್ಕೆ" ಎಂದರು ಓಪಲ್. "ನೂರಿಪ್ಪತ್ತು ಗ್ಯಾಲನ್ ತುಂಬಿದರೆ ನೆಟ್ಟಗೆ ನಿಲ್ಲುತ್ತೆ. ಹಿಂದುಗಡೆ ಕುಸಿದ ಕಾರು ಕಂಡರೆ ಪೊಲೀಸರಿಗೆ ಗೊತ್ತಾಗಿಬಿಡುತ್ತಿತ್ತು. ಅದಕ್ಕೇ ಗಟ್ಟಿ ಸ್ಪ್ರಿಂಗ್ ಹಾಕುತ್ತಿದ್ದರು."

"ಏನು ಸರಕು?"

"ವಿಸ್ಕಿ. ಕಾಡಿನಲ್ಲಿ ಕಾಯಿಸಿದ್ದು. ಸರಕಾರಕ್ಕೆ ಗೊತ್ತಿಲ್ಲದ್ದು."

ಕಳ್ಳಭಟ್ಟಿ! ರಾಜೇಶ್ವರಿಗೆ ನಗು ಬಂತು. ಟ್ಯೂಬುಗಳಲ್ಲಿ ತುಂಬಿ ಜೀಪಿನಲ್ಲಿ ಸಾಗಿಸುತ್ತಿದ್ದವರ ಅಬಕಾರಿ ಕೇಸುಗಳನ್ನು ಅವಳು ಎಷ್ಟು ಬರೆದಿದ್ದಳೋ. ಅಮೆರಿಕದಲ್ಲೂ ಅದೇ ಕತೆ ಇರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ವಾರಕ್ಕೊಂದು ಮಧ್ಯಾಹ್ನ ಹೋಗಿ ಕೂತಳು. ಓಪಲ್ ಹೇಳುತ್ತ ಹೋದರು. ಅವರ ಗಂಡ ಹಾರ್ಲನ್, ಅವನ ಅಣ್ಣತಮ್ಮಂದಿರು, ನೆರೆಹೊರೆಯ ಹುಡುಗರು ಎಲ್ಲ ಗುಡ್ಡದಿಂದ ಅಟ್ಲಾಂಟಾಕ್ಕೆ ಸರಕು ಸಾಗಿಸುವವರು. ಪೊಲೀಸರಿಗಿಂತ ಜೋರಾಗಿ ಓಡಬೇಕೆಂದು ಎಂಜಿನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಕಲಿತರು. ಭಾನುವಾರ ಕೆಲಸವಿಲ್ಲದಾಗ ಯಾರ ಕಾರು ಜೋರು ಎಂದು ಹೊಲದಲ್ಲಿ ಸುತ್ತು ಹೊಡೆದರು. ನೋಡಲು ಜನ ಸೇರಿದರು. ಬೇಲಿ ಬಂತು, ಟಿಕೇಟು ಬಂತು. 1947ರ ಕೊನೆಗೆ ಫ್ಲಾರಿಡಾದ ಒಂದು ಹೋಟೆಲಿನಲ್ಲಿ ಕೆಲವರು ಕೂತು ನಿಯಮ ಮಾಡಿಕೊಂಡರು. ಮುಂದೆ ಅಂಗಡಿಯಲ್ಲಿ ಮಾರುವಂಥ ಕಾರೇ ಓಡಬೇಕು, ಒಳಗೆ ಏನೂ ಬದಲಿಸಬಾರದು ಎಂದಾಯಿತು. ಹಾಗೆ ನಡೆಸಿದ ಮೊದಲ ರೇಸಿನಲ್ಲೇ ಗೆದ್ದವನ ಕಾರನ್ನು ಬಗ್ಗಿ ನೋಡಿ, ಹಿಂದಿನ ಸ್ಪ್ರಿಂಗು ವಿಸ್ಕಿ ಸಾಗಿಸುವವರದೆಂದು ಗೆಲುವು ಕಿತ್ತುಕೊಂಡರು. ಅದನ್ನು ಹೇಳಿ ಓಪಲ್ ಕೆಮ್ಮು ಬರುವಷ್ಟು ನಕ್ಕರು.

"ಹೆಂಗಸರನ್ನು ಸೇರಿಸಿಕೊಳ್ಳುತ್ತಿದ್ದರಾ?"

"ಜನ ಬರುತ್ತಾರೆ ಅಂತ ಕರೆಯುತ್ತಿದ್ದರು, ಸರ್ಕಸ್ಸಿಗೆ ಕರಡಿ ತಂದ ಹಾಗೆ. ನಾನು ಹನ್ನೊಂದು ರೇಸು ಓಡಿಸಿದೆ. ಬಾಗಿಲು ತೆರೆದುಕೊಳ್ಳದಿರಲಿ ಅಂತ ಹಾರ್ಲನ್ನನ ಸೊಂಟದ ಬೆಲ್ಟಿನಿಂದ ಕಟ್ಟುತ್ತಿದ್ದೆವು. ಕೆಂಪು ಮಣ್ಣು, ಮುಂದಿನ ಕಾರಿನ ಧೂಳು. ಏನೂ ಕಾಣುತ್ತಿರಲಿಲ್ಲ. ಪ್ರತಿ ಸಲವೂ ಶುರುವಾಗುವ ಮೊದಲು ಕಾರಿನ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದೆ."

"ಅಷ್ಟು ಹೆದರಿಕೆಯಿದ್ದರೆ ಯಾಕೆ ಓಡಿಸಿದಿರಿ?"

ಓಪಲ್ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಉತ್ತರ ಬಂದದ್ದು ಸೆಪ್ಟೆಂಬರಿನ ಎರಡನೆಯ ವಾರ. ಅಂದು ರಾಜೇಶ್ವರಿ ಬಾಗಿಲು ತಟ್ಟುವಷ್ಟರಲ್ಲಿ ಓಪಲ್ ಕೋಟು ಹಾಕಿಕೊಂಡು ಕೂತಿದ್ದರು. ಮುಖ ಬಿಳಿಚಿಕೊಂಡಿತ್ತು. ತಲೆ ನೋಯುತ್ತಿದೆ ಎಂದರು. ರಾಜೇಶ್ವರಿ ಎದುರು ಕೂತು ಪೆನ್ಸಿಲು ತೆಗೆದಳು.

"ನೀನು ಕೇಳಿದೆಯಲ್ಲ, ಯಾಕೆ ಅಂತ. ರೇಸಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಅಡ್ಡ ಬರುವವರು ಯಾರೂ ಇರುವುದಿಲ್ಲ. ಅದಕ್ಕೆ."

ಆಮೇಲೆ ನಿಧಾನವಾಗಿ ಹೇಳಿದರು. 1947ರ ಅಕ್ಟೋಬರ್. ಹಾರ್ಲನ್ನನ ಮಣಿಕಟ್ಟು ಮುರಿದಿತ್ತು. ಸರಕು ತುಂಬಿಯಾಗಿತ್ತು, ಕಾಯುವಂತಿರಲಿಲ್ಲ. ಹತ್ತೊಂಬತ್ತರ ಓಪಲ್ ಒಬ್ಬಳೇ ಹೊರಟಳು. ಬೆಳಕು ಹರಿಯುವ ಮುಂಚೆ, ದಟ್ಟ ಮಂಜು. ಹಿಂದೆ ಪೊಲೀಸರ ಕಾರು ಕಂಡ ಕೂಡಲೇ ದೀಪ ಆರಿಸಿ, ಅಭ್ಯಾಸವಿದ್ದ ರಸ್ತೆಯನ್ನು ನೆನಪಿನ ಮೇಲೆ ಓಡಿಸಿದಳು. ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಕಾರಿಗೆ ಏನೋ ಬಡಿಯಿತು.

"ಕರು ಇರಬಹುದು ಅಂದುಕೊಂಡೆ. ಇವತ್ತಿಗೂ ಹಾಗೇ ಅಂದುಕೊಳ್ಳುತ್ತೇನೆ. ಆದರೆ ಕರುವಿಗೆ ಟೋಪಿ ಇರುವುದಿಲ್ಲ, ರಾಜಿ. ಗಾಜಿನ ಮೇಲೆ ಟೋಪಿಯೊಂದು ಬಂದು ಬಿದ್ದು ಹಾರಿಹೋಯಿತು."

ಓಪಲ್ ಕೋಟಿನ ಗುಂಡಿಯೊಂದನ್ನು ತಿರುಗಿಸುತ್ತ ಮುಂದುವರಿಸಿದರು.

"ನಿಲ್ಲಿಸಲಿಲ್ಲ. ಆ ರಸ್ತೆಗೆ ಮತ್ತೆ ಹೋಗಲಿಲ್ಲ. ಪೇಪರು ನೋಡಲಿಲ್ಲ. ಹಾರ್ಲನ್ನನಿಗೂ ಹೇಳಲಿಲ್ಲ. ಇಲ್ಲಿ ಕಾರ್ಖಾನೆಯಲ್ಲಿ ಕೆಲಸವಿದೆ ಅಂದಾಗ ಮೊದಲು ಹೊರಟವಳು ನಾನೇ. ಇದನ್ನು ಬರೆಯಬೇಡ."

ರಾಜೇಶ್ವರಿ ಕೆಳಗೆ ನೋಡಿದಳು. ಅವಳ ಕೈ ಆಗಲೇ ಎಲ್ಲ ಬರೆದು ಮುಗಿಸಿತ್ತು, 'ಬರೆಯಬೇಡ' ಎಂಬುದನ್ನೂ ಸೇರಿಸಿ. ಅವಳು ಪುಸ್ತಕ ಮುಚ್ಚಿದಳು.

ಓಪಲ್ ಎದ್ದು ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡರು. "ಬಾ. ಒಂದು ಸುತ್ತು ಹೋಗಿಬರೋಣ. ಮನೆಯೊಳಗೆ ಉಸಿರು ಕಟ್ಟುತ್ತಿದೆ."

ಬೇಡ ಎನ್ನಬೇಕಿತ್ತೆಂದು ರಾಜೇಶ್ವರಿ ಆಮೇಲೆ ನೂರು ಸಲ ಅಂದುಕೊಂಡಳು. ಅಷ್ಟು ಹೇಳಿಕೊಂಡವರಿಗೆ ಹೇಗೆ ಬೇಡ ಎನ್ನುವುದು?

ಕಾರು ಹೊರಟಾಗ ಮಧ್ಯಾಹ್ನ ಮೂರು ಗಂಟೆ. ಒಂದೇ ಉದ್ದ ಸೀಟು, ಬೆಲ್ಟಿಲ್ಲ. ಗೇರಿನ ಕಡ್ಡಿ ಸ್ಟೇರಿಂಗಿನ ಬಲಕ್ಕೆ ಚಾಚಿಕೊಂಡಿತ್ತು. ಎಂಜಿನ್ನಿನ ನಡುಕ ರಾಜೇಶ್ವರಿಯ ಹಲ್ಲಿನವರೆಗೆ ಬಂತು. ಓಪಲ್ ಮಾತ್ರ ಚಕ್ರ ಹಿಡಿದ ಮೇಲೆ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಸ್ಮಶಾನ ದಾಟಿ, ಪೇಟೆಗೆ ಇಳಿಯುವ ದೊಡ್ಡ ಇಳಿಜಾರಿನ ತುದಿಗೆ ಬಂದರು. ಕೆಳಗೆ ಕೆರೆ, ಅದರ ದಂಡೆಗೆ ವಿಜಯೇಂದ್ರನ ಕಾರ್ಖಾನೆಯ ಬಿಳಿ ಮಾಡುಗಳು.

"ರಾಜಿ" ಎಂದರು ಓಪಲ್. ಆಮೇಲೆ ಇನ್ನೇನೋ ಅಂದರು. ಅದು ಮಾತಾಗಿರಲಿಲ್ಲ. ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಚಕ್ರದಿಂದ ಕಳಚಿ ತೊಡೆಯ ಮೇಲೆ ಬಿತ್ತು, ಮೈ ನಿಧಾನಕ್ಕೆ ರಾಜೇಶ್ವರಿಯ ಭುಜದ ಮೇಲೆ ವಾಲಿತು.

"ಮಿಸೆಸ್ ಟಿಡ್ವೆಲ್! ಮಿಸೆಸ್ ಟಿಡ್ವೆಲ್!"

ಕಾರು ಇಳಿಯತೊಡಗಿತ್ತು. ಓಪಲ್‌ರ ಬಲಗಾಲು ಆಕ್ಸಿಲರೇಟರ್ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಎಂಜಿನ್ನು ಒದರಿತು. ಎಡಗಡೆಯಿಂದ ದೊಡ್ಡ ಲಾರಿಯೊಂದು ಏರಿ ಬರುತ್ತಿತ್ತು, ಇವರ ಕಾರು ಅದರ ಕಡೆಗೇ ಸರಿಯುತ್ತಿತ್ತು. ಲಾರಿಯ ಹಾರ್ನ್ ಕಿವಿ ಕೊರೆಯಿತು. ರಾಜೇಶ್ವರಿ ಕಣ್ಣು ಮುಚ್ಚಿದಳು. ನಿಜವಾಗಿಯೂ ಮುಚ್ಚಿದಳು. ಮತ್ತೆ ತೆರೆದಾಗ ಅವಳ ಎಡಗೈ ಚಕ್ರದ ಮೇಲಿತ್ತು, ಲಾರಿ ಕಿಟಕಿಗೆ ಗಾಳಿ ಬಡಿದು ದಾಟಿಹೋಗಿತ್ತು.

"ಅಯ್ಯೋ ಯವ್ವಾ, ಯವ್ವಾ" ಎಂದು ಬಾಯಿ ತಾನಾಗಿಯೇ ಹೇಳುತ್ತಿತ್ತು. ಓಪಲ್ ಹೇಳಿದ ಯಾವ ರೇಸಿನ ಉಪಾಯವೂ ಅವಳಿಗೆ ನೆನಪಾಗಲಿಲ್ಲ. ಆ ಕಾಲನ್ನು ತೆಗೆಯಬೇಕು ಎಂಬುದೊಂದೇ ತಲೆಯಲ್ಲಿತ್ತು. ಬಗ್ಗಿದರೆ ರಸ್ತೆ ಕಾಣುವುದಿಲ್ಲ. ಬಲಗೈ ಚಾಚಿ ಓಪಲ್‌ರ ಪ್ಯಾಂಟನ್ನು ಮಂಡಿಯ ಹತ್ತಿರ ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಕಾಲು ಪಕ್ಕಕ್ಕೆ ಬಿತ್ತು, ಎಂಜಿನ್ನಿನ ಒದರಾಟ ಇಳಿಯಿತು. ಆದರೆ ಇಳಿಜಾರು ಇಳಿಜಾರೇ. ಓಪಲ್‌ರ ಮೈಯನ್ನು ಭುಜದಿಂದ ಒತ್ತಿಕೊಂಡೇ ಸರಿದು, ಎಡಗಾಲನ್ನು ಅವರ ಕಾಲುಗಳ ಮೇಲಿಂದ ಚಾಚಿ ಬ್ರೇಕು ಹುಡುಕಿದಳು. ಸಿಕ್ಕ ಪೆಡಲನ್ನು ಒತ್ತಿದಳು. ಹಳೆಯ ಕಾರು, ಮೆತ್ತಗೆ ಒತ್ತಿದರೆ ಕೇಳುವಂಥದ್ದಲ್ಲ. ಸೀಟಿಗೆ ಬೆನ್ನು ಕೊಟ್ಟು, ಗೋಡೆ ನೂಕುವ ಹಾಗೆ ಒತ್ತಿದಳು.

ಕೆಳಗೆ ಸಿಗ್ನಲ್ಲು ಕೆಂಪಾಗಿತ್ತು. ನಿಂತ ಕಾರುಗಳ ಬೆನ್ನು ಹತ್ತಿರ, ಹತ್ತಿರ ಬಂತು. ಚಕ್ರವನ್ನು ಬಲಕ್ಕೆ ಎಳೆದಳು. ಕಾರು ಫುಟ್‌ಪಾತಿನ ಮೇಲೆ ಹಾರಿ ಬಸ್ ಸ್ಟಾಪಿನತ್ತ ನುಗ್ಗಿತು. ಧಡ್ ಎಂದು ಏನಕ್ಕೋ ಬಡಿದು, ಒಮ್ಮೆ ಜಿಗಿದು, ಎಂಜಿನ್ನು ಆರಿ ನಿಂತಿತು.

ಬಡಿಯುವ ಮುಂಚೆ ಅಲ್ಲೊಬ್ಬ ಮನುಷ್ಯನಿದ್ದ. ನೀಲಿ ಅಂಗಿ. ಅವಳು ಕಂಡಿದ್ದಳು. ಈಗ ಕಾಣುತ್ತಿರಲಿಲ್ಲ.

ಓಪಲ್ ಗೊರಗೊರ ಉಸಿರಾಡುತ್ತಿದ್ದರು. ರಾಜೇಶ್ವರಿ ಬಾಗಿಲು ತೆರೆದು ಕೆಳಗಿಳಿದಳು.  ಕಾರಿನ ಮುಂದೆ ಹೋಗಿ ನೋಡಬೇಕು. ಅಲ್ಲಿ ಏನಿರುತ್ತದೋ. ಲೈಸೆನ್ಸಿಲ್ಲ, ಬರೀ ಕಲಿಯುವ ಪರ್ಮಿಟ್. ಪೊಲೀಸ್, ಕೇಸು, ಕೋರ್ಟು. ಈ ಸಲ ಬರೆಯುವ ಮೇಜಿನಲ್ಲಲ್ಲ, ಕಟಕಟೆಯಲ್ಲಿ. ವೀಸಾ ಹೋಗುತ್ತದೆ. ವಿಜಯೇಂದ್ರನ ಕೆಲಸ ಹೋಗುತ್ತದೆ. ಆ ಕಾರು ಅವಳದಲ್ಲ. ಯಾರೂ ಅವಳ ಮುಖ ಸರಿಯಾಗಿ ನೋಡಿಲ್ಲ.

ಅವಳ ಕಾಲುಗಳು ನಡೆಯತೊಡಗಿದವು. ಕಾರಿನ ಮುಂದಕ್ಕಲ್ಲ, ಹಿಂದಕ್ಕೆ, ಏರಿನ ಕಡೆಗೆ, ಮನೆಯ ಕಡೆಗೆ. ಹತ್ತು ಹೆಜ್ಜೆ ಹೋದಳು. ಹತ್ತೇ ಎಂದು ಅವಳಿಗೆ ಗೊತ್ತು, ಆಮೇಲೆ ಎಣಿಸಿದ್ದಳು. ಆಗ ಹಿಂದಿನಿಂದ ಯಾರೋ ನರಳಿದ್ದು ಕೇಳಿತು.

ತಿರುಗಿ ಓಡಿದಳು.

ಕಾರು ಬಡಿದದ್ದು ಕಸದ ಡಬ್ಬಿಗೆ. ಅದರಾಚೆ ಹುಲ್ಲಿನ ಮೇಲೆ ನೀಲಿ ಅಂಗಿಯ ಮನುಷ್ಯ ಬಿದ್ದಿದ್ದ. ಹಣೆಯಿಂದ ರಕ್ತ ಸುರಿಯುತ್ತಿತ್ತು, ಒಂದು ಕೈ ಸೊಟ್ಟಗೆ ಮೈಯಡಿ ಸಿಕ್ಕಿತ್ತು. ಗೋದಾಮಿನ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವನು, ಕಾರು ಬಂದದ್ದು ನೋಡಿ ಜಿಗಿದು ಬಿದ್ದಿದ್ದ. ರಾಜೇಶ್ವರಿ ಮಂಡಿಯೂರಿ ತನ್ನ ಓಢಣಿಯನ್ನು ಅವನ ಹಣೆಗೆ ಒತ್ತಿ ಹಿಡಿದಳು.

"ನನ್ನ ಕೈ ಮುರೀತು ಅನಿಸುತ್ತೆ. ಅವರು ಹೇಗಿದ್ದಾರೆ? ಕಾರಿನಲ್ಲಿರುವವರು?" ಎಂದು ಅವನೇ ಕೇಳಿದ. ಅವಳು ಅಳುತ್ತಿದ್ದಳು. ಸಿಗ್ನಲ್ಲಿನಲ್ಲಿ ನಿಂತಿದ್ದವರು ಇಳಿದು ಬಂದರು. ಯಾರೋ ಆಗಲೇ ಫೋನ್ ಮಾಡಿದ್ದರು.

ಆಂಬ್ಯುಲೆನ್ಸ್ ಇಬ್ಬರನ್ನೂ ಒಯ್ದ ಮೇಲೆ ಪೊಲೀಸ್ ಅಧಿಕಾರಿಯೊಬ್ಬ ಅವಳ ಎದುರು ನಿಂತ. ಎತ್ತರದ ಆಳು, ಮೆತ್ತನೆಯ ದನಿ. ಆ ಮೆತ್ತಗಿನ ದನಿಗೇ ಅವಳು ಹೆಚ್ಚು ಹೆದರಿದಳು.

"ಕಾರು ಯಾರು ಓಡಿಸುತ್ತಿದ್ದರು?"

"ಅವರು. ಆಮೇಲೆ ನಾನು."

"ನೀವು?"

"ಅವರಿಗೆ ಹೀಗಾದ ಮೇಲೆ ಚಕ್ರ ಹಿಡಿದದ್ದು ನಾನು. ಬ್ರೇಕು ಒತ್ತಿದ್ದು ನಾನು. ಫುಟ್‌ಪಾತಿಗೆ ತಿರುಗಿಸಿದ್ದೂ ನಾನು."

"ಲೈಸೆನ್ಸ್ ಇದೆಯಾ?"

ಅವಳು ಪರ್ಮಿಟ್ ತೆಗೆದುಕೊಟ್ಟಳು.  ಅವನು ಎಲ್ಲ ಬರೆದುಕೊಂಡ. ವರದಿ ಕಳಿಸುತ್ತೇವೆ, ಊರು ಬಿಟ್ಟು ಹೋಗುವುದಿದ್ದರೆ ತಿಳಿಸಿ ಎಂದ.

ಸಂಜೆ ವಿಜಯೇಂದ್ರ ಸುದ್ದಿ ಕೇಳಿದವನೇ ಸೋಫಾದ ತುದಿಯಲ್ಲಿ ಕುಸಿದು ಕೂತ. ಮೊದಲು ಅವಳ ಕೈಕಾಲು ಮುಟ್ಟಿ ಮುಟ್ಟಿ ನೋಡಿದ. ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಸಿಟ್ಟು ಬಂತು.

"ನೀ ಹಿಡಿದಿ ಅಂತ ಯಾಕ ಹೇಳಿದಿ? ಆ ಮುದುಕಿ ಓಡಸ್ಲಿಕ್ಕತ್ತಿದ್ಲು, ನಾ ಬಾಜೂಕ ಕುಂತಿದ್ದೆ ಅಂದಿದ್ರ ಮುಗೀತಿತ್ತಲ್ಲ!"

"ಕಡೀಕ ನಾನ ಹಿಡಿದಿದ್ದೆರೀ."

"ಅದು ಯಾರಿಗೆ ಗೊತ್ತಿತ್ತು?"

"ನನಗ ಗೊತ್ತಿತ್ತಲ್ಲ."

"ಗ್ರೀನ್ ಕಾರ್ಡ್ ಫೈಲ್ ಮಾಡಿ ನಾಕು ತಿಂಗಳಾಗೇದ, ರಾಜಿ. ಒಂದು ಪೊಲೀಸ್ ಕೇಸ್ ಸಾಕು. ಆ ಮನುಷ್ಯಾ ಸತ್ತಿದ್ರ ಏನ್ ಮಾಡ್ತಿದ್ದಿ?"

ಅವಳು ಹತ್ತು ಹೆಜ್ಜೆಯ ಸಂಗತಿ ಅವನಿಗೆ ಹೇಳಲಿಲ್ಲ. ಅವನ ಮುಖ ನೋಡಿದರೆ ಅವನೂ ತನ್ನಷ್ಟೇ ಹೆದರಿದ್ದು ಕಾಣುತ್ತಿತ್ತು.

ಮುಂದಿನ ಮೂರು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಟಪಾಲಿನವನ ಗಾಡಿಯ ಸದ್ದಿಗೆ ಇಬ್ಬರೂ ಬೆಚ್ಚುತ್ತಿದ್ದರು. ಬೀದಿಯಲ್ಲಿ ಪೊಲೀಸ್ ಕಾರು ನಿಧಾನವಾಗಿ ಹಾದರೆ ರಾಜೇಶ್ವರಿ ಅಡುಗೆಮನೆಗೆ ಹೋಗಿ ಗ್ಯಾಸು ಆರಿಸಿ ನಿಲ್ಲುತ್ತಿದ್ದಳು. ಯಾಕೆ ಆರಿಸುತ್ತಾಳೆಂದು ಅವಳಿಗೇ ತಿಳಿಯದು. ಗೋದಾಮಿನ ಮನುಷ್ಯನಿಗೆ ಮೊಣಕೈ ಮುರಿದಿದೆ, ಹಣೆಗೆ ಏಳು ಹೊಲಿಗೆ, ಬೇರೇನಿಲ್ಲ ಎಂದು ಆಸ್ಪತ್ರೆಯಿಂದ ತಿಳಿಯಿತು. ವಿಜಯೇಂದ್ರ ತಾನಾಗಿಯೇ ಹಣ್ಣು ಒಯ್ದು ಅವನನ್ನು ನೋಡಿಬಂದ. ಮನೆಗೆ ಬಂದು, "ಒಳ್ಳೆ ಮನುಷ್ಯಾ. ನಿನ್ನ ಕೇಳಿದ" ಎಂದಷ್ಟೇ ಹೇಳಿದ.

ಅಕ್ಟೋಬರ್ ಮೊದಲ ವಾರ ಲಕೋಟೆ ಬಂತು. ವಿಜಯೇಂದ್ರ ಬರುವ ತನಕ ಅದನ್ನು ಒಡೆಯುವ ಧೈರ್ಯವಾಗಲಿಲ್ಲ. ಚಾಲಕಿಗೆ ಏಕಾಏಕಿ ಪಾರ್ಶ್ವವಾಯು ಬಡಿದಿದೆ, ಪಕ್ಕದಲ್ಲಿದ್ದವರು ಕಾರು ನಿಲ್ಲಿಸಿದ್ದಾರೆ, ಯಾರ ಮೇಲೂ ಕ್ರಮವಿಲ್ಲ ಎಂದಿತ್ತು. ವಿಜಯೇಂದ್ರ ಮೂರು ಸಲ ಓದಿದ. ಆಮೇಲೆ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದ.

ಮರುದಿನ ಅವಳು ಬಸ್ಸು ಹಿಡಿದು ಓಪಲ್‌ರನ್ನು ಇಟ್ಟಿದ್ದ ಆರೈಕೆ ಕೇಂದ್ರಕ್ಕೆ ಹೋದಳು. ಬಲಭಾಗ ಪೂರಾ ಬಿದ್ದುಹೋಗಿತ್ತು. ಮಾತು ಹೋಗಿತ್ತು. ಉಳಿದಿದ್ದು ಒಂದೇ ಶಬ್ದ, "ನೋ". ನೀರು ಬೇಕಾದರೂ "ನೋ", ಬೇಡವಾದರೂ "ನೋ". ಕಣ್ಣು ಮಾತ್ರ ಹಳೆಯವೇ. ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ ಎಂದು ನರ್ಸ್ ಹೇಳಿದಳು. ಹೌದಾದರೆ ಎಡಗೈಯಿಂದ ಎರಡು ಸಲ ಒತ್ತುತ್ತಾರಂತೆ.

ರಾಜೇಶ್ವರಿ ಅವರ ಎಡಗೈ ಹಿಡಿದು ಕೂತಳು. ಯಾರಿಗೂ ಹೇಳದ್ದನ್ನು ಹೇಳಿದಳು. "ಮಿಸೆಸ್ ಟಿಡ್ವೆಲ್, ಅವತ್ತು ನಾನು ಹತ್ತು ಹೆಜ್ಜೆ ಓಡಿಹೋಗಿದ್ದೆ. ನಿಮ್ಮನ್ನೂ ಬಿಟ್ಟು. ಅವನು ನರಳದೇ ಇದ್ದಿದ್ದರೆ ತಿರುಗುತ್ತಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ."

ಓಪಲ್ ಅವಳನ್ನೇ ನೋಡಿದರು. ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ನೀವು ಬರೆಯಬೇಡ ಅಂದಿದ್ದನ್ನು ನಾನು ಬರೆದುಬಿಟ್ಟಿದ್ದೇನೆ. ಹರಿದು ಹಾಕಲಾ?"

"ನೋ" ಎಂದರು ಓಪಲ್. ಕೈ ಸುಮ್ಮನಿತ್ತು.

"ಜಾರ್ಜಿಯಾದ ನಿಮ್ಮ ಊರಿಗೆ ಬರೆದು ಕೇಳಲಾ? ಏನಾಯಿತು ಅಂತ?"

"ನೋ." ರಾಜೇಶ್ವರಿ ಕಾದಳು. ಬಹಳ ಹೊತ್ತಾಯಿತು. ಓಪಲ್‌ರ ಕೈ ಒಂದು ಸಲ ಒತ್ತಿತು. ಅಷ್ಟೇ ಇರಬೇಕೆಂದು ಅವಳು ಕೈ ಬಿಡಿಸಿಕೊಳ್ಳಲು ಹೋದಾಗ ಆ ಬೆರಳುಗಳು ಬಿಗಿಯಾಗಿ ಹಿಡಿದು ಎರಡನೆಯ ಸಲ ಒತ್ತಿದವು.

ಆ ಗುಡ್ಡಗಾಡಿನ ಪುಟ್ಟ ಊರಿನ ಲೈಬ್ರರಿಗೆ ಪತ್ರ ಬರೆದಳು. ಯಾರ ಹೆಸರೂ ಹೇಳದೆ, 1947ರ ಅಕ್ಟೋಬರಿನಲ್ಲಿ ಸೇತುವೆಯ ಹತ್ತಿರದ ತಿರುವಿನಲ್ಲಿ ಯಾರಿಗಾದರೂ ಕಾರು ಬಡಿದ ಸುದ್ದಿ ಹಳೆಯ ಪೇಪರಿನಲ್ಲಿದೆಯೇ ಎಂದು ಕೇಳಿದಳು. ಟಪಾಲು ಡಬ್ಬಿಗೆ ಹಾಕಿದ ಮೇಲೆ, ತಿರುಗಿ ತೆಗೆಯಲಾದೀತೇ ಎಂದು ಕೈ ತೂರಿಸಿ ನೋಡಿದಳು. ಆ ಮನುಷ್ಯ ಸತ್ತನೆಂದು ಉತ್ತರ ಬಂದರೆ ಅದನ್ನು ಆ ಹಾಸಿಗೆಯ ಪಕ್ಕ ಕೂತು ಓದಿ ಹೇಳಬೇಕಾದವಳು ತಾನೇ ಅಲ್ಲವೇ?

ದೀಪಾವಳಿ ಮುಗಿದ ವಾರ ಉತ್ತರ ಬಂತು. ಪೇಪರಿನ ನಾಲ್ಕು ಸಾಲಿನ ಸುದ್ದಿಯ ನಕಲು. ಎಲೈ ಡಾಬ್ಸ್, ವಯಸ್ಸು ಮೂವತ್ತೊಂದು, ಗೇಣಿಯ ಹೊಲದ ಕೂಲಿ, ಮುಂಜಾನೆ ಕೆಲಸಕ್ಕೆ ನಡೆದು ಹೋಗುವಾಗ ಗುರುತು ಸಿಗದ ಕಾರು ಬಡಿದು ಕಾಲು ಜಜ್ಜಿದೆ. ಕೆಳಗೆ ಲೈಬ್ರರಿಯಾಕೆ ತಾನಾಗಿ ವಿಚಾರಿಸಿ ಬರೆದಿದ್ದಳು. ಕಾಲು ಕತ್ತರಿಸಿದರು. ಮನುಷ್ಯ ಬದುಕಿದ. ಪೇಟೆಯಲ್ಲಿ ಚಪ್ಪಲಿ ರಿಪೇರಿ ಮಾಡಿಕೊಂಡು 1979ರವರೆಗೆ ಇದ್ದ. ಮಗಳೊಬ್ಬಳು ಇದ್ದಾಳೆ.

ರಾಜೇಶ್ವರಿ ಅದನ್ನು ಓಪಲ್ ಎದುರು ಓದಿದಳು. 'ಬದುಕಿದ' ಎಂಬಲ್ಲಿ ಓಪಲ್ ಬಾಯಿ ತೆರೆದು ಪ್ರಾಣಿಯಂಥ ಒಂದು ಸದ್ದು ಮಾಡಿದರು. ನರ್ಸ್ ಓಡಿ ಬಂದಳು. ಅದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ. ಐವತ್ತೇಳು ವರ್ಷ ಸತ್ತವನೆಂದು ಹೆದರಿದ್ದರು. ಅವನು ಒಂಟಿ ಕಾಲಿನಲ್ಲಿ ಬದುಕಿದ್ದ.

ಮಗಳಿಗೆ ಎಲ್ಲ ಬರೆಯಲಾ, ಮ್ಯೂಸಿಯಂಗೂ ಕೊಡಲಾ ಎಂದು ಈ ಸಲ ಕೇಳಿ ಮುಗಿಸುವ ಮುಂಚೆಯೇ ಕೈ ಎರಡು ಸಲ ಒತ್ತಿತು. ರಾಜೇಶ್ವರಿ ಆ ದಿನದ ಹೇಳಿಕೆಯನ್ನು ಇದ್ದದ್ದು ಇದ್ದ ಹಾಗೆಯೇ ಟೈಪ್ ಮಾಡಿದಳು. ಓಪಲ್ ಎಡಗೈಯಲ್ಲಿ ಪೆನ್ನು ಹಿಡಿದು ಕೆಳಗೆ ಸೊಟ್ಟ ಸಹಿ ಹಾಕಿದರು, ಅದಕ್ಕೆ ಕಾಲು ಗಂಟೆ ಹಿಡಿಯಿತು. ಒಂದು ಪ್ರತಿ ಡಾಬ್ಸ್‌ನ ಮಗಳಿಗೆ ಹೋಯಿತು, ಇನ್ನೊಂದು ಮ್ಯೂಸಿಯಂಗೆ, ರೇಸಿನ ಫೋಟೋಗಳ ಜೊತೆ.

ಮಗಳ ಉತ್ತರ ಜನವರಿಯಲ್ಲಿ ಬಂತು. ಒಂದೇ ಹಾಳೆ. ಸಿಟ್ಟೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಅಪ್ಪ ಪ್ರತಿ ಭಾನುವಾರ ರೇಡಿಯೋದಲ್ಲಿ ಕಾರಿನ ರೇಸು ಕೇಳುತ್ತಿದ್ದ ಎಂದು ಬರೆದಿದ್ದಳು. ತನಗೆ ಬಡಿದವನು ಅವರಲ್ಲೊಬ್ಬ ಇರಬೇಕು, ಆ ವೇಗದಲ್ಲಿ ದೀಪವಿಲ್ಲದೆ ಬೇರೆ ಯಾರು ಓಡಿಸುತ್ತಾರೆ ಎನ್ನುತ್ತಿದ್ದನಂತೆ. ಹೆಂಗಸಿರಬಹುದೆಂದು ಅವನಿಗೆ ಹೊಳೆದಿರಲಾರದು. ಕೊನೆಗೆ, ಓಪಲ್ ಟಿಡ್ವೆಲ್ ಅವರ ಆರೋಗ್ಯ ಹೇಗಿದೆ ಎಂದು ಕೇಳಿದ್ದಳು.

ಅದಕ್ಕೆ ರಾಜೇಶ್ವರಿ ಉತ್ತರ ಬರೆದಳು. ಆಮೇಲೆ ಇನ್ನೊಂದು ಪತ್ರ ಬಂತು, ಇನ್ನೊಂದು ಹೋಯಿತು. ಏಪ್ರಿಲ್‌ನಲ್ಲಿ ಓಪಲ್ ನಿದ್ದೆಯಲ್ಲಿ ತೀರಿಕೊಂಡಾಗ ಆ ಊರಿನಿಂದ ಹೂವು ಬಂದಿತ್ತು. ಕಾರನ್ನು ಯಾರೋ ದೂರದ ನೆಂಟರು ಲಾರಿಯ ಮೇಲೆ ಹೇರಿಕೊಂಡು ಹೋದರು.

ರಾಜೇಶ್ವರಿ ಆ ವರ್ಷ ಮತ್ತೆ ಟೆಸ್ಟ್ ಕೊಟ್ಟಳು, ಮತ್ತೆ ಫೇಲಾದಳು. ಸಂಜೆ ಮನೆಗೆ ಬಂದು ವಿಜಯೇಂದ್ರನ ಎದುರು ಕೂತು, "ನಿಮಗ ಒಂದು ಮಾತು ಹೇಳಿಲ್ಲ ನಾನು" ಎಂದಳು. "ಅವತ್ತು ಇಳದ ಕೂಡ್ಲೆ ನಾ ಓಡಿ ಹೋಗಿದ್ದೆ."

ಅವನು ಚಹಾದ ಕಪ್ಪು ಕೆಳಗಿಟ್ಟ. "ಎಷ್ಟು ದೂರ?"

"ಹತ್ತು ಹೆಜ್ಜಿ."

 "ನಾ ಆಗಿದ್ರ ಮನಿ ಮುಟ್ಟತಿದ್ದೆ" ಎಂದ. ಆಮೇಲೆ ಎದ್ದು, ಇನ್ನೂ ಬೆಳಕಿದೆ, ಹೊರಗೆ ಹೋಗೋಣ ಬಾ, ಆ ಎಡಕ್ಕೆ ತಿರುಗುವ ಸಿಗ್ನಲ್ಲನ್ನು ಇನ್ನೊಮ್ಮೆ ನೋಡೋಣ ಎಂದು ಕಾರಿನ ಕೀಲಿಯನ್ನು ಅವಳ ಮುಂದೆ ಹಿಡಿದ. ಅವಳ ಅಂಗೈ ಆಗಲೇ ಬೆವರಿತ್ತು. ಸೀರೆಯ ಸೆರಗಿಗೆ ಒರೆಸಿಕೊಂಡು ಕೀಲಿ ಇಸಿದುಕೊಂಡಳು.